ಮೋರಿಸ್ ಬೆಚ್ಚಗಾಯಿತು, ಅಮ್ಮ ತೀರ್ಥಕ್ಕೆ ಹೋಗಿ ಬಂದರು

ಫೋನ್ ಮಾಡಿ ಕೇಳಿದವರಿಗೆಲ್ಲ ಒಂದೇ ಸಲ ಹೇಳಿಬಿಡುತ್ತೇನೆ. ಹೌದು, ತಲಕಾವೇರಿಯಲ್ಲಿ ತೀರ್ಥ ಉಕ್ಕುವ ತುಲಾ ಸಂಕ್ರಮಣಕ್ಕೆ ನಾವು ಅಪ್ಪನ ಹಳೇ ಮೋರಿಸ್ ಕಾರಿನಲ್ಲೇ ಹೋದೆವು. ಬೆಳಗಿನ ಜಾವ ಸುಂಟಿಕೊಪ್ಪ ಬಿಟ್ಟು ಮಡಿಕೇರಿ, ಬೆಟ್ಟಗೇರಿ, ಚೇರಂಬಾಣೆ ದಾಟಿ ಭಾಗಮಂಡಲದವರೆಗೆ ಕಾರು, ಅಲ್ಲಿಂದ ಮೇಲೆ ತಲಕಾವೇರಿಗೆ ಎಲ್ಲರ ಜೊತೆ ಬಸ್ಸು. ದಾರಿಯುದ್ದಕ್ಕೂ ಮಂಜು, ನಡುನಡುವೆ ಮಳೆ. ಗಾಜು ಎಲ್ಲೂ ಮಬ್ಬಾಗಲಿಲ್ಲ. ಚೇರಂಬಾಣೆ ಹತ್ತಿರ ಅಮ್ಮ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡು, "ಸೆಕೆ ಆಗ್ತಾ ಉಂಟು, ಹೀಟರ್ ಸ್ವಲ್ಪ ಕಮ್ಮಿ ಮಾಡು" ಅಂದರು. ಆ ಕಾರಿನೊಳಗೆ ಈ ಮಾತು ಹಿಂದೆ ಯಾರ ಬಾಯಲ್ಲೂ ಬಂದಿರಲಿಕ್ಕಿಲ್ಲ.

ಹೋದ ಮಳೆಗಾಲದಿಂದ ನಮ್ಮ ಮನೆಯಲ್ಲಿ ನಡೆದದ್ದು ನಿಮಗೆ ಗೊತ್ತಿರುವುದೇ. ಆಸ್ಪತ್ರೆಯ ಕಥೆ ಮತ್ತೆ ಬರೆಯುವುದಿಲ್ಲ. ಅಪ್ಪನ ವರ್ಷಾಂತಿಕ ಮುಗಿದ ಮೇಲೆ ಅಮ್ಮ ಬಾಯಿಬಿಟ್ಟು ಕೇಳಿದ್ದು ಇಷ್ಟೇ: ತೀರ್ಥಕ್ಕೆ ಹೋಗಬೇಕು, ಆ ಕಾರಿನಲ್ಲೇ ಹೋಗಬೇಕು.

ಕಾರು 1958ರ ಮೋರಿಸ್ ಮೈನರ್ 1000. ಎಸ್ಟೇಟಿನ ದೊರೆ ಊರು ಬಿಡುವಾಗ ಅಜ್ಜನಿಗೆ ಮಾರಿ ಹೋದದ್ದು. ಅದರ 948 ಸಿಸಿ ಎಂಜಿನ್ ಚೋಕ್ ಎಳೆದರೆ ಈಗಲೂ ಸ್ಟಾರ್ಟ್ ಆಗುತ್ತದೆ. ಒಳಗೆ ಕೂರುವ ಹಾಗೆ ಮಾತ್ರ ಇರಲಿಲ್ಲ. ಕಕ್ಕಡ ತಿಂಗಳ ಜೋರು ಮಳೆಗೆ ಸೀಟಿನ ಮೇಲೆಲ್ಲ ಬೂಷ್ಟು, ಕಾರ್ಪೆಟ್ ತುಳಿದರೆ ನೀರು, ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಡ್ಯಾಶ್‌ಬೋರ್ಡ್ ಕೆಳಗಿನ ಸ್ಮಿತ್ಸ್ ಹೀಟರ್ ಹಾಕಿದರೆ ಶಬ್ದ ಬರುತ್ತಿತ್ತು, ಬಿಸಿ ಬರುತ್ತಿರಲಿಲ್ಲ. ತೋರಿಸಿದ ಕಡೆಯಲ್ಲೆಲ್ಲ, "ಇದಕ್ಕೆ ಹೀಟರ್ ಯಾಕೆ ಮೇಡಂ, ಪೈಪ್ ಬೈಪಾಸ್ ಮಾಡಿಬಿಡುವ" ಅಂದವರೇ.

ಇಂಗ್ಲೆಂಡಿನಿಂದ ಬರುವಾಗ ವಿಂಡ್‌ಸ್ಕ್ರೀನ್ ರಬ್ಬರನ್ನು ಸೂಟ್‌ಕೇಸಿನಲ್ಲಿ ಸುತ್ತಿ ತಂದ ಗೆಳತಿಗೆ, ಹಬ್ಬದ ಗಡಿಬಿಡಿಯಲ್ಲೂ ಕಾರ್ಪೆಟ್ ಹೊಲಿದುಕೊಟ್ಟ ಕುಶಾಲನಗರದ ಕುಷನ್ ಅಂಗಡಿಯವರಿಗೆ, ಹೀಟರಿನ ಬೆಸುಗೆ ಮಾಡಿದ ಮೈಸೂರಿನ ರೇಡಿಯೇಟರ್ ಅಂಗಡಿಯವರಿಗೆ, ಕಾರು ನಿಲ್ಲಿಸಲು ಕಾಫಿ ಶೆಡ್ ಬಿಟ್ಟುಕೊಟ್ಟ ಪಕ್ಕದ ತೋಟದ ಮಾವನಿಗೆ, ಹೊತ್ತುಹೊತ್ತಿಗೆ ಅಕ್ಕಿರೊಟ್ಟಿ ಕಳಿಸಿದ ಅತ್ತೆಗೆ, ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್.

ಇನ್ನು ಕಾಕನ ವಿಷಯ.

ಕಾಕ ಜೀಪ್ ಮೆಕ್ಯಾನಿಕ್. ಹೆಸರು, ಊರು ಹಾಕಬಾರದು ಅಂತ ಕಟ್ಟಪ್ಪಣೆ ಆಗಿದೆ. "ಹಾಕಿದ್ರೆ ಎಲ್ಲರೂ ಹಳೇ ಕಾರು ತಂದು ನನ್ನ ಅಂಗಳದಲ್ಲಿ ನಿಲ್ಲಿಸ್ತಾರೆ." ಅವರು ಬಂದವರೇ ಹೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಕಾರ್ಪೆಟ್ ಎತ್ತಿ, ಅದರಡಿಯ ಫೆಲ್ಟನ್ನು ಹಿಂಡಿ, ನೀರನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. ಎಂಜಿನ್ ತಂಪು ಮಾಡುವ ಕೂಲೆಂಟ್ ಆದರೆ ಅಂಟುತ್ತದೆ, ಸಿಹಿ ವಾಸನೆ ಇರುತ್ತದೆ. ಇದು ಬರೀ ಮಳೆನೀರು. "ಮೋಳೇ (ಮಗಳೇ), ಈ ಹೀಟರ್ ಹೊರಗಿನ ಗಾಳಿ ತಗೊಳ್ಳೋದಿಲ್ಲ. ಒಳಗಿನ ಗಾಳಿಯನ್ನೇ ಸುತ್ತಿಸ್ತದೆ. ಅಡಿಯಲ್ಲಿ ನೀರಿಟ್ಟುಕೊಂಡು ಬಿಸಿ ಮಾಡಿದ್ರೆ ಆ ನೀರೆಲ್ಲ ಆವಿಯಾಗಿ ಗಾಜಿಗೇ ಹೋಗ್ತದೆ. ಮೊದಲು ನೀರು, ಆಮೇಲೆ ಬೆಂಕಿ."

ಹಾಗಾಗಿ ಮೊದಲು ನೀರನ್ನೇ ಹುಡುಕಿದೆವು. ಒಳಗೆಲ್ಲ ಒರೆಸಿ, ಗಾಜಿನ ಕೆಳಗೂ ಬಾಗಿಲ ಸಂದಿಗೂ ಟಾಲ್ಕಂ ಪೌಡರ್ ಉದುರಿಸಿ, ನಾನು ಟಾರ್ಚ್ ಹಿಡಿದು ಒಳಗೆ ಕೂತೆ. ಕಾಕ ಹೊರಗಿನಿಂದ ಕೊಡದಲ್ಲಿ ನಿಧಾನಕ್ಕೆ ನೀರು ಸುರಿದರು. ಪೌಡರಿನ ಮೇಲೆ ಗೆರೆ ಬಿದ್ದಲ್ಲಿ ಸೋರಿಕೆ. ವಿಂಡ್‌ಸ್ಕ್ರೀನಿನ ರಬ್ಬರ್ ಕಲ್ಲಾಗಿತ್ತು. ಬಾಗಿಲಿನ ಅಡಿಯಂಚಿನ ತೂತುಗಳಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಕೂತು, ಗಾಜಿನ ಮೇಲಿಂದ ಇಳಿದ ನೀರಿಗೆ ಹೊರಹೋಗಲು ದಾರಿಯೇ ಇರಲಿಲ್ಲ. ಫ್ಲೋರಿನ ರಬ್ಬರ್ ಬಿರಡೆಗಳಲ್ಲಿ ಒಂದು ನಾಪತ್ತೆ. ಇಷ್ಟನ್ನು ಸರಿಮಾಡಿ, ಹಳೇ ಫೆಲ್ಟ್ ಕಿತ್ತೆಸೆದು, ಕಾರನ್ನು ಶೆಡ್ಡಿನಲ್ಲಿ ಬಾಗಿಲು ತೆರೆದೇ ಒಣಗಲು ಬಿಟ್ಟೆವು. ಕೊಡಗಿನ ಮಳೆಗಾಲದಲ್ಲಿ ಒಣಗಿಸುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೀಟರ್ ಬಿಚ್ಚಿದ್ದು ಕೊಡಗಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲಿನ ಒಂದು ರಾತ್ರಿ. ಹೊರಗೆ ಜಡಿಮಳೆ, ಕರೆಂಟ್ ಇಲ್ಲ. ಎಂಜಿನ್ ಹೆಡ್ಡಿನ ಹಿಂಭಾಗದಲ್ಲಿ ಹೀಟರಿಗೆ ಬಿಸಿನೀರು ಬಿಡುವ ಪುಟ್ಟ ನಲ್ಲಿ ಇದೆ. ಅದರ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಬಲ ಹಾಕಿ ತುಂಡಾದರೆ ತೀರ್ಥದ ಮಾತೇ ಬೇಡ. ಕಾಕ ಎಣ್ಣೆ ಬಿಡುವುದು, ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು, ಬೀಡಿ ಹಚ್ಚಿ ಕಾಯುವುದು. ಮತ್ತೆ ಎಣ್ಣೆ, ಮತ್ತೆ ಸುತ್ತಿಗೆ.

ಕಾಯುವಾಗ ಸುಮ್ಮನೆ ಕೂರಲಾರದೆ ನಾನು ಮುಂದಿನ ಸೀಟು ಎತ್ತಿದೆ. ಅಡಿಯಲ್ಲಿ ಅಪ್ಪ ಗಾಜು ಒರೆಸುತ್ತಿದ್ದ ಹಳದಿ ಬಟ್ಟೆ ಇತ್ತು. ಬೂಷ್ಟು ಹಿಡಿದು ಕಪ್ಪಾಗಿತ್ತು, ಮಡಿಕೆ ಮಾತ್ರ ಅಪ್ಪ ಮಡಚುವ ಹಾಗೆಯೇ, ನಾಲ್ಕು ಮೂಲೆ ಸಮ ಮಾಡಿ. ಮೈಸೂರಿಗೆ ಹೋದ ಆ ಕೊನೇ ಸಲ ಡ್ರೈವ್ ಮಾಡಿದ್ದು ನಾನು. ಉಸಿರಾಡಲು ಕಷ್ಟಪಡುತ್ತಿದ್ದ ಮನುಷ್ಯ ಪಕ್ಕದಲ್ಲಿ ಕೂತು, ನನಗೆ ರಸ್ತೆ ಕಾಣಲಿ ಅಂತ ದಾರಿಯುದ್ದಕ್ಕೂ ಗಾಜು ಒರೆಸಿದರು. ಬೇಡ ಅಂದರೂ ಕೇಳಲಿಲ್ಲ. ವರ್ಷವಿಡೀ ಬಾರದ ಅಳು ಅಲ್ಲಿ ಬಂತು, ನಿಲ್ಲಿಸಲು ಆಗಲಿಲ್ಲ.

ಕಾಕ ಸಮಾಧಾನ ಹೇಳಲು ಬರಲಿಲ್ಲ. ಬಾನೆಟ್ ಹತ್ತಿರವೇ ಇದ್ದು ಕೆಲಸ ಮುಂದುವರಿಸಿದರು. ಎಷ್ಟೋ ಹೊತ್ತಿನ ಮೇಲೆ "ಬಂತು" ಅಂದರು. ಬೋಲ್ಟ್. ಆಮೇಲೆ ಫ್ಲಾಸ್ಕಿನ ಕಟ್ಟಂಚಾಯ, ಅಂದರೆ ಹಾಲಿಲ್ಲದ ಚಹಾ, ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟು, "ಕುಡಿದು ಹೋಸ್ ಹಿಡಿ ಮೋಳೇ, ನನಗೆ ಎರಡೇ ಕೈ" ಅಂದರು. ಹಿಡಿದೆ. ಹೀಟರಿನಿಂದ ನೀರು ಹೊರಬರುವ ಬಾಯಿಂದಲೇ ಉಲ್ಟಾ ನೀರು ಬಿಟ್ಟೆವು. ಮೊದಲು ಏನೂ ಇಲ್ಲ, ಆಮೇಲೆ ರಾಗಿ ಅಂಬಲಿಯಂಥ ತುಕ್ಕಿನ ಕೆಸರು ಬಕೆಟ್ಟಿಗೆ ಬಿತ್ತು. ನೀರು ತಿಳಿಯಾಗುವ ಹೊತ್ತಿಗೆ ಹೊರಗೆ ಬೆಳಕು. ಅವರು ಮನೆಗೆ ಹೋಗುತ್ತೇನೆ ಅಂತ ಒಂದು ಸಲವೂ ಅನ್ನಲಿಲ್ಲ.

ಉಳಿದದ್ದು ಸುಲಭದ ಕೆಲಸ. ಎಂಜಿನ್ ಕಾಯುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟನ್ನು ಯಾವ ಕಾಲದಲ್ಲೋ ಯಾರೋ ತೆಗೆದು ಎಸೆದಿದ್ದರು, ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಗಬಾರದು ಅಂತ ಇರಬೇಕು. ಅದಿಲ್ಲದೆ ನಮ್ಮ ಚಳಿಗೆ ಎಂಜಿನ್ನೇ ಕಾಯುತ್ತಿರಲಿಲ್ಲ, ಇನ್ನು ಹೀಟರ್ ಎಲ್ಲಿಂದ ಕಾಯಬೇಕು? 82 ಡಿಗ್ರಿಯದ್ದು ತರಿಸಿ, ಹಾಕುವ ಮೊದಲು ಒಲೆಯ ಮೇಲೆ ನೀರಿಗಿಳಿಸಿ ಅದು ಬಾಯಿ ಬಿಡುವುದನ್ನು ನೋಡಿದೆವು. ಹಾಲಿನ ಪಾತ್ರೆ ತೆಗೆದುಕೊಂಡದ್ದಕ್ಕೆ ಅಮ್ಮ ನಮ್ಮಿಬ್ಬರಿಗೂ ಬೈದರು. ಅಮ್ಮ ಜೋರು ಮಾಡಿದ್ದು ಕೇಳಿ ತುಂಬಾ ದಿನವಾಗಿತ್ತು. ಕಾರಿನ ಮೂತಿ ಏರಿಗೆ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಓಡಿಸಿ, ಒಳಗೆ ಸಿಕ್ಕಿದ್ದ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವವರೆಗೆ ಕಾದೆವು. ಹೀಟರಿಗೆ ನೀರು ಹೋಗುವ, ಬರುವ ಎರಡು ಹೋಸನ್ನೂ ಕಾಕ ನನ್ನಿಂದ ಮುಟ್ಟಿಸಿದರು. ಎರಡೂ ಬಿಸಿ.

ದುಡ್ಡು ಸಾಮಾನಿನ ಲೆಕ್ಕಕ್ಕೆ ಮಾತ್ರ ತೆಗೆದುಕೊಂಡರು. ಆ ರಾತ್ರಿಯದ್ದು ಎಷ್ಟು ಕಾಕ ಅಂದರೆ, "ನಿನ್ನಪ್ಪ ನನ್ನ ಮೊದಲ ಗಿರಾಕಿ" ಅಂದು ಸ್ಕೂಟರ್ ಹತ್ತಿ ಹೋದರು. ಒಳ್ಳೆಮೆಣಸು ಕೊಯ್ಲಾದ ಮೇಲೆ ಒಂದು ಚೀಲ ಅವರ ಮನೆಗೆ ಇಳಿಸುತ್ತೇನೆ. ಇದನ್ನು ಓದಿ ಮೊದಲೇ ಬೇಡ ಅನ್ನದಿದ್ದರೆ ಸಾಕು.

ಹೀಟರ್ ಹೋಸ್ ಸ್ವಲ್ಪ ಮಿಕ್ಕಿದೆ, ಅರ್ಧ ಇಂಚಿನದ್ದು. ಹಳೇ ಕಾರು ಇಟ್ಟುಕೊಂಡವರು ಯಾರಿಗಾದರೂ ಬೇಕಿದ್ದರೆ ಮನೆಗೆ ಬಂದು ತೆಗೆದುಕೊಂಡು ಹೋಗಿ.