ಟೆನರ್ ಎಂದರೆ ಪವರೊಟ್ಟಿ ಮಾತ್ರವೇ?

ಮಾನ್ಯರೇ,

ಪಾಶ್ಚಾತ್ಯರ ಸಂಗೀತನಾಟಕವಾದ ಆಪೆರಾ, ಅದರಲ್ಲಿ ಎತ್ತರದ ಗಂಡುದನಿಯಲ್ಲಿ ಹಾಡುವ ಟೆನರ್ ಎಂದೊಡನೆ ನಮ್ಮ ಪತ್ರಿಕೆಗಳಿಗೆ ನೆನಪಾಗುವುದು ಪವರೊಟ್ಟಿ ಒಬ್ಬನೇ. ಅವನಿಗಿಂತ ಮೊದಲು ಜಗತ್ತಿನ ಕಿವಿ ಗೆದ್ದವನು ಎನ್ರಿಕೊ ಕರೂಸೊ. 1873ರಲ್ಲಿ ಇಟಲಿಯ ನೇಪಲ್ಸ್‌ನ ಬಡ ಕಾರ್ಮಿಕನ ಮನೆಯಲ್ಲಿ ಹುಟ್ಟಿದವನು.

1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ಕೋಣೆಯೊಂದರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಹಾಡು ಮುದ್ರಿಸಲು ಯಂತ್ರ ಹೂಡಿ ಕೂತಿದ್ದ. ಕರೂಸೊ ಕೇಳಿದ್ದು ಹತ್ತು ಹಾಡಿಗೆ ನೂರು ಪೌಂಡ್. ದುಬಾರಿಯಾಯಿತು, ಬೇಡ ಎಂದು ಲಂಡನ್ ಕಚೇರಿ ತಂತಿ ಕಳಿಸಿತು. ಗೈಸ್‌ಬರ್ಗ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಕಂಪನಿಗೆ ಆದ ಲಾಭ ಹೇಳಬೇಕಾಗಿಲ್ಲ! ಅದೇ ಗೈಸ್‌ಬರ್ಗ್ ಅದೇ ವರ್ಷ ನವೆಂಬರ್‌ನಲ್ಲಿ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಹಾಡನ್ನು ಮುದ್ರಿಸಿದ. ಇಬ್ಬರೂ ಹಾಡಿದ್ದು ಮೈಕ್ ಇಲ್ಲದೆ, ತುತ್ತೂರಿಯಂಥ ಕೊಳವೆಯ ಬಾಯಿಗೆ.

1903ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ರಂಗಮಂದಿರ ಕರೂಸೊನ ಮನೆಯಾಯಿತು. ತವರಿನ ನೇಪಲ್ಸ್‌ನಲ್ಲಿ ಮಾತ್ರ ವಿಮರ್ಶಕರ ಕೊಂಕಿಗೆ ನೊಂದು ಮತ್ತೆಂದೂ ವೇದಿಕೆ ಏರಲಿಲ್ಲ. (ಮುನಿಸು ಅತಿಯಾಯಿತೆಂದೇ ನನ್ನ ಅನಿಸಿಕೆ.)

1920ರ ಡಿಸೆಂಬರ್ 11ರಂದು ಬ್ರೂಕ್ಲಿನ್‌ನಲ್ಲಿ ಹಾಡುತ್ತಿದ್ದಾಗ ಬಾಯಿಂದ ರಕ್ತ ಬಂತು. ಒರೆಸಲು ಸಹಗಾಯಕರು ಟವೆಲ್ ಮೇಲೆ ಟವೆಲ್ ಕೊಡುತ್ತಿದ್ದರು, ಅವನು ಅಂಕ ಮುಗಿಯುವವರೆಗೂ ಹಾಡಿದ. ಮರುವರ್ಷ ಆಗಸ್ಟ್‌ನಲ್ಲಿ, 48ನೇ ವಯಸ್ಸಿಗೆ, ಅದೇ ನೇಪಲ್ಸ್‌ನಲ್ಲಿ ತೀರಿಕೊಂಡ.

ಆ ಹಳೆಯ ಧ್ವನಿಮುದ್ರಿಕೆಗಳು ಈಗ ಮೊಬೈಲ್‌ನಲ್ಲೇ ಸಿಗುತ್ತವೆ. ತಮ್ಮ ಭಾನುವಾರದ ಪುರವಣಿಯಲ್ಲಿ ಇಂಥವರ ಬಗ್ಗೆಯೂ ಒಂದು ಅಂಕಣ ಬರಲಿ.

– ಸಂಗೀತಾಸಕ್ತ, ಧಾರವಾಡ