ಯ ಒತ್ತು ಬಿಟ್ಟ ಕಾಗದ

ಚಿಕ್ಕಮಗಳೂರು,
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ನಿನ್ನ ಚಿಕ್ಕಜ್ಜ ಮಾಡುವ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಶಾರ್ಪ್‌ವಿಲ್, ಅಲ್ಜೀರಿಯಾ, ವಿಯೆಟ್ನಾಂ ಎಂದು ಆರು ಹಾಳೆಗಳಲ್ಲಿ ಇಪ್ಪತ್ತನೇ ಶತಮಾನವನ್ನೇ ಸುತ್ತಿಸಿದ್ದೀಯ. ಓದಿ ಹಿಗ್ಗಿದೆ. ಆದರೆ ಐದನೇ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಸಾಲೊಂದು ನನ್ನ ನಿದ್ದೆ ಕೆಡಿಸಿದೆ. “ಇದನ್ನೆಲ್ಲ ಓದುವಾಗ ಒಂದೇ ಭಯ ಚಿಕ್ಕಜ್ಜ, ಆ ಕಾಲದಲ್ಲಿ ನಾನಿದ್ದಿದ್ದರೆ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದೆ.”

ಬರೆದು ನೀನು ಮರೆತಿರಬಹುದು. ನನಗೆ ಮರೆಯಲು ಆಗಲಿಲ್ಲ.

ಎರಡು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ‘ಹಾಗೆಲ್ಲ ಯೋಚಿಸಬೇಡ, ನೀನು ಧೈರ್ಯವಂತೆ’ ಎಂದಿತ್ತು. ಹಿರಿಯರು ಆಡಿಬಿಡುವ ಮಾತು ಅದು. ನಿನ್ನ ಭಯಕ್ಕೆ ಅಷ್ಟು ಸಲೀಸಾಗಿ ಉತ್ತರ ಕೊಟ್ಟರೆ ನಿನಗೆ ಮೋಸ ಮಾಡಿದಂತಾಗುತ್ತದೆ ಎನ್ನಿಸಿತು.

ಆ ಸಾಲು ಮ್ಯೂನಿಕ್‌ನ ಸಂಗತಿಯ ಪಕ್ಕದಲ್ಲೇ ಇತ್ತು. 1943ರ ಫೆಬ್ರವರಿ 18. ಹಾನ್ಸ್ ಶೋಲ್, ಸೋಫಿ ಶೋಲ್ ಎಂಬ ಅಣ್ಣ ತಂಗಿ ಹಿಟ್ಲರನ ವಿರುದ್ಧದ ಕರಪತ್ರಗಳನ್ನು ವಿಶ್ವವಿದ್ಯಾಲಯದ ತರಗತಿಗಳ ಮುಂದೆ ಇಟ್ಟರು, ಉಳಿದ ಕಟ್ಟನ್ನು ಸೋಫಿ ಮಹಡಿಯಿಂದ ಕೆಳಕ್ಕೆ ತಳ್ಳಿದಳು. ಅಲ್ಲಿನ ಕೆಲಸದವನೊಬ್ಬ ನೋಡಿ ಹಿಡಿದುಕೊಟ್ಟ. 22ರಂದು ವಿಚಾರಣೆ, ಅಂದೇ ಶಿರಚ್ಛೇದ. ಅವಳಿಗೆ 21 ವರ್ಷ, ನಿನ್ನದೇ ವಯಸ್ಸು. ಅವಳ ಪಕ್ಕದಲ್ಲಿ ನಿನ್ನನ್ನು ನಿಲ್ಲಿಸಿಕೊಂಡು ನೋಡಿದ್ದೀಯ, ನೀನೇ ಕುಳ್ಳಗೆ ಕಂಡಿದ್ದೀಯ.

ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ ಅವರ ವಿಷಯವನ್ನು ಇನ್ನಷ್ಟು ಓದಿದೆ. ಅದೇ ದಿನ ಅದೇ ಶಿಕ್ಷೆಗೆ ಗುರಿಯಾದ ಮೂರನೆಯವನು ಕ್ರಿಸ್ಟೋಫ್ ಪ್ರೋಬ್ಸ್ಟ್. 23 ವರ್ಷ, ಮೂರು ಮಕ್ಕಳ ತಂದೆ, ಕಡೆಯದು ಒಂದು ತಿಂಗಳ ಹಸುಗೂಸು. ಮಕ್ಕಳ ಮುಖ ನೋಡಿ ನನ್ನನ್ನು ಉಳಿಸಿ ಎಂದು ಆತ ಬೇಡಿಕೊಂಡ. ಯಾರೂ ಕೇಳಲಿಲ್ಲ. ಪುಸ್ತಕವನ್ನು ಅಲ್ಲಿಯೇ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಆತನಿಗೂ ಭಯವಿತ್ತು ಪುಟ್ಟಿ. ಇದನ್ನು ನೀನು ನಿನ್ನ ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು ಎಂದು ನನ್ನ ಆಸೆ.

ಈಗ ನನ್ನ ವಿಷಯ. ನಾನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ ಎಂಬುದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದಿದೆ, ನಿನ್ನ ಅಜ್ಜನಿಗೂ ಹೇಳಿಲ್ಲ.

1976ರ ಮಳೆಗಾಲ. ತುರ್ತುಪರಿಸ್ಥಿತಿ ಬಂದು ವರ್ಷ ದಾಟಿತ್ತು. ಘೋಷಣೆಯಾದ ರಾತ್ರಿಯೇ ದೆಹಲಿಯ ಪತ್ರಿಕೆಗಳ ಮುದ್ರಣಾಲಯಗಳಿಗೆ ಕರೆಂಟು ತೆಗೆದಿದ್ದರು ಎಂಬ ಸುದ್ದಿ ನಮ್ಮಂಥ ಪ್ರೆಸ್ಸಿನವರಿಗೆಲ್ಲ ನಿಧಾನವಾಗಿ ತಲುಪಿತ್ತು. ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಕಾಯಿದೆ ಮೀಸಾ, ಆ ಎರಡಕ್ಷರ ಕೇಳಿದರೆ ಜನ ಮಾತು ತಿರುಗಿಸುತ್ತಿದ್ದರು. ನಾನು ರಾತ್ರಿ ಪ್ರೆಸ್ಸಿನಲ್ಲೇ ಮಲಗುತ್ತಿದ್ದೆ. ಆ ದಿನ ಲಗ್ನಪತ್ರಿಕೆಯೊಂದನ್ನು ಜೋಡಿಸುತ್ತಾ ಕುಳಿತಿದ್ದಾಗ ಯಾರೋ ಬೆರಳಿನ ಗೆಣ್ಣಿನಿಂದ ಮೂರು ಸಲ ಬಾಗಿಲು ತಟ್ಟಿದರು. ತಟ್ಟುವ ರೀತಿಯಲ್ಲೇ ಯಾರೆಂದು ತಿಳಿಯಿತು. ನನ್ನ ಜೊತೆ ಓದಿದ ಗೆಳೆಯ. ಅವನು ಏನು ತಂದಿರುತ್ತಾನೆ ಎಂಬುದೂ ತಿಳಿಯಿತು. ದೀಪ ಸಣ್ಣಗೆ ಮಾಡಿ ಉಸಿರು ಬಿಗಿಹಿಡಿದು ಕುಳಿತೆ. ಅವನು ಬಾಗಿಲಿನ ಸಂದಿಯಿಂದ ಎರಡು ಹಾಳೆ ಒಳಕ್ಕೆ ತಳ್ಳಿದ. ಸ್ವಲ್ಪ ಹೊತ್ತು ನಿಂತ. ಹೆಂಚಿನಿಂದ ಸೋರುವ ನೀರಿನ ಕೆಳಗೆ ಅವನ ಚಪ್ಪಲಿ ಹೊರಳಿದ ಸದ್ದು ಕೇಳಿತು, ಆಮೇಲೆ ಇಲ್ಲ.

ಹಾಳೆ ಓದಿದೆ. ಚೆನ್ನಾಗಿ ಬರೆದಿದ್ದ. ‘ಸ್ವಾತಂತ್ರ್ಯ’ ಎಂಬ ಪದ ಬಂದ ಕಡೆಯೆಲ್ಲ ಯ ಒತ್ತು ಬಿಟ್ಟಿದ್ದ. ಕೈ ರೂಢಿಯಂತೆ ಪೆನ್ಸಿಲ್ ತೆಗೆದುಕೊಂಡು ಐದು ಕಡೆ ಒತ್ತು ಸೇರಿಸಿದೆ. ತಿದ್ದಿದ ಮೇಲೆ ಸೀಮೆಎಣ್ಣೆ ಸ್ಟೌವಿಗೆ ಹಿಡಿದೆ.

ನಾನು ಒಳಗೇ ಇದ್ದೆ ಪುಟ್ಟಿ. ನೀನು ‘ಇರುತ್ತಿದ್ದೆ’ ಎಂದು ಬರೆದದ್ದನ್ನು ನಾನು ಮಾಡಿ ನೋಡಿದ್ದೇನೆ.

ಏಕೆ ಎಂದು ಕೇಳುತ್ತೀಯ. ನಮ್ಮ ಅಪ್ಪ ಗೇಣಿಗೆ ಮಾಡುತ್ತಿದ್ದ ಎರಡು ಎಕರೆ ಗದ್ದೆಗೆ ಡಿಕ್ಲರೇಷನ್ ಹಾಕಿದ್ದರು. ಉಳುವವನೇ ಹೊಲದೊಡೆಯ ಎಂಬ 1974ರ ಕಾನೂನು, ದೇವರಾಜ ಅರಸರ ಕಾಲ. ಅರ್ಜಿ ಟ್ರಿಬ್ಯೂನಲ್ ಮುಂದಿತ್ತು. ಮಗ ಸರ್ಕಾರದ ವಿರುದ್ಧ ಕರಪತ್ರ ಅಚ್ಚುಹಾಕಿ ಸಿಕ್ಕಿಬಿದ್ದ ಎಂದಾದರೆ ಅಪ್ಪನ ಅರ್ಜಿ ಏನಾಗುತ್ತದೆ ಎಂದು ಹೆದರಿದೆ. ನಿಜವಾಗಿ ಏನಾದರೂ ಆಗುತ್ತಿತ್ತೋ ಇಲ್ಲವೋ, ಇವತ್ತಿಗೂ ತಿಳಿಯದು. ಗದ್ದೆ ನಮ್ಮದಾಯಿತು. ಆ ಕಥೆಯನ್ನು ಹಬ್ಬಕ್ಕೊಮ್ಮೆ ಕೇಳಿ ಬೆಳೆದವಳು ನೀನು. ನೀನು ಉಂಡ ಅಕ್ಕಿ ಆ ಗದ್ದೆಯದು. ಇದನ್ನು ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ, ಹಾಗೆ ಕೇಳಿಸಿದರೆ ಕ್ಷಮಿಸು. 1977ರ ಚುನಾವಣೆಯಲ್ಲಿ ಉತ್ತರ ಭಾರತವೆಲ್ಲ ಒಂದು ಕಡೆ ಹೋದಾಗ ನಮ್ಮ ರಾಜ್ಯದ 28ರಲ್ಲಿ 26 ಸ್ಥಾನ ಇಂದಿರಾ ಗಾಂಧಿಯವರ ಪಕ್ಷಕ್ಕೇ ಬಂದವು ಎಂದು ನೀನು ಆಶ್ಚರ್ಯಪಟ್ಟಿದ್ದೆಯಲ್ಲ, ಅದರಲ್ಲಿ ಒಂದು ಪಾಲು ಇಂಥ ಗದ್ದೆಗಳದ್ದು ಎಂದು ನಾನು ತಿಳಿದಿದ್ದೇನೆ. ಅದೇ ಹೊತ್ತಿನಲ್ಲಿ ತುರ್ತುಪರಿಸ್ಥಿತಿಯ ಕೈದಿಯಾಗಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿಯವರು ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಎರಡೂ ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಲು ಇಷ್ಟು ವರ್ಷ ಪ್ರಯತ್ನಿಸಿದೆ, ನನ್ನಿಂದ ಆಗಲಿಲ್ಲ.

ಬಾಗಿಲು ಹಾಕಿಕೊಂಡವರ ಮನೆಯಲ್ಲೆಲ್ಲ ಇಂಥದೊಂದು ಅರ್ಜಿ ಇರುತ್ತದೆ. ಬಾಗಿಲು ತೆರೆದವರ ಮನೆಯಲ್ಲೂ ಇರುತ್ತದೆ, ಪ್ರೋಬ್ಸ್ಟ್‌ನ ತೊಟ್ಟಿಲಿನ ಹಾಗೆ. ಹಾಗಾಗಿ ಭಯ ಇದೆ ಎಂಬುದರಿಂದ ನೀನು ಯಾರು ಎಂದು ತೀರ್ಮಾನಿಸಬೇಡ. ನನ್ನ ಭಯ ನನ್ನನ್ನು ಬಾಧಿಸಿದ್ದು ಆ ಒಂದು ರಾತ್ರಿ. ವರ್ಷಗಟ್ಟಲೆ ಬಾಧೆ ಕೊಟ್ಟದ್ದು ಆಮೇಲಿನ ಸುಮ್ಮನಿರುವಿಕೆ.

ಗೆಳೆಯ ಬೇರೆ ಊರಿನಲ್ಲಿ ಆ ಕರಪತ್ರವನ್ನು ಸೈಕ್ಲೋಸ್ಟೈಲ್ ಮಾಡಿಸಿ, ಬೀರೂರು ಸ್ಟೇಷನ್ನಿನಲ್ಲಿ ಕಟ್ಟಿನ ಸಮೇತ ಸಿಕ್ಕಿಬಿದ್ದ. ಹೊರಬಂದದ್ದು 1977ರಲ್ಲಿ. ಮರುವರ್ಷ ನವೆಂಬರಿನಲ್ಲಿ ಇಡೀ ದೇಶ ನಮ್ಮ ಊರಿನ ಕಡೆ ತಿರುಗಿತ್ತು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರದಲ್ಲಿ ಇಂದಿರಾ ಗಾಂಧಿಯವರು, ಎದುರಿಗೆ ವೀರೇಂದ್ರ ಪಾಟೀಲರು. ಎರಡೂ ಕಡೆಯ ಕರಪತ್ರ ನಮ್ಮ ಟ್ರೆಡಲ್ ಅಚ್ಚುಯಂತ್ರದ ಮೇಲೆ ಹಗಲು ರಾತ್ರಿ ಓಡಿದವು. ಪಾಟೀಲರ ಕಡೆಯ ಬರಹ ಹಿಡಿದು ಅವನು ಬಂದ, ತುಂಬ ಸೊರಗಿದ್ದ. ಒಂದು ಪ್ರೂಫ್ ತೋರಿಸು ಎಂದ, ಅಷ್ಟೇ. ಈ ಸಲವೂ ಯ ಒತ್ತು ಇರಲಿಲ್ಲ. ಸೇರಿಸಿದೆ. ನಾವಿಬ್ಬರೂ ಒಂದೇ ಪ್ರೂಫಿನ ಮೇಲೆ ಬಗ್ಗಿ ನಿಂತಿದ್ದೆವು, ಅಂದು ಒಳಗೆ ನಾನಿದ್ದೆ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಅವನು ಹೋದ.

ನಿನ್ನ ಪತ್ರದ ಮೂರನೇ ಹಾಳೆಯಲ್ಲಿ ನೀನೂ ಯ ಒತ್ತು ಬಿಟ್ಟಿದ್ದೀಯ. ಅದಕ್ಕೇ ಇಷ್ಟೆಲ್ಲ ಮೇಲೆದ್ದು ಬಂತೋ ಏನೋ.

ಬುದ್ಧಿ ಹೇಳುವ ಅರ್ಹತೆ ನನಗೆ ಕಡಿಮೆ. ಆದರೂ ಒಂದೆರಡು. ನೀನು ಅಮೆರಿಕದ ಮಾಂಟ್ಗೊಮರಿಯ ಬಗ್ಗೆ ಬರೆಯುವಾಗ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರಲ್ಲಿಗೆ ನಿಲ್ಲಿಸಿದ್ದೀಯ. ಅವರ ಬಂಧನವಾದ 1955ರ ಡಿಸೆಂಬರ್ 1ರ ರಾತ್ರಿ, ಜೋ ಆನ್ ರಾಬಿನ್ಸನ್ ಎಂಬ ಅಧ್ಯಾಪಕಿ ತಮ್ಮ ಕಾಲೇಜಿನ ಯಂತ್ರದಲ್ಲಿ ಬೆಳಗಾಗುವವರೆಗೆ ಸಾವಿರಾರು ಕರಪತ್ರ ತೆಗೆದರು. ಜೊತೆಗೆ ಇಬ್ಬರು ವಿದ್ಯಾರ್ಥಿಗಳು. ಆ ಕರಪತ್ರದಿಂದ ಶುರುವಾದ ಬಸ್ ಬಹಿಷ್ಕಾರ 381 ದಿನ ನಡೆಯಿತು. ಕೆಲಸಕ್ಕೆ ಕುತ್ತು ಬರಬಾರದೆಂದು ರಾಬಿನ್ಸನ್ ಬಹಿಷ್ಕಾರ ನಡೆಸಿದ ಸಂಘಟನೆಯಲ್ಲಿ ಪದವಿ ಹಿಡಿಯದೆ ಹಿಂದೆಯೇ ಉಳಿದರು. ಅವರ ಮನೆಯಲ್ಲೂ ಒಂದು ಅರ್ಜಿ ಇತ್ತು ಎಂದುಕೋ. ಅದನ್ನು ಇಟ್ಟುಕೊಂಡೇ ಒಂದು ರಾತ್ರಿಯ ಕೆಲಸ ಮಾಡಿದರು. ನಿನ್ನ ಪ್ರಬಂಧದಲ್ಲಿ ಇವರಿಗೆ ಎರಡು ಪುಟ ಕೊಡು. ನನಗೆ 1976ರಲ್ಲಿ ಇವರ ಹೆಸರು ಗೊತ್ತಿರಲಿಲ್ಲ.

ರಾತ್ರಿ ಹನ್ನೊಂದರ ಮೇಲೆ ಇಂಥ ಪುಸ್ತಕ ಓದಬೇಡ, ಹಾಸ್ಟೆಲ್ಲಿನಲ್ಲಿ ಒಬ್ಬಳೇ ಇರುತ್ತೀಯ. ಅಂಚಿನಲ್ಲಿ ಸಣ್ಣದಾಗಿ ಬರೆಯುವುದನ್ನು ಪತ್ರದ ನಡುವೆ ದೊಡ್ಡದಾಗಿ ಬರೆ. ಬೇರೇನೂ ತೋಚುತ್ತಿಲ್ಲ.

ಇನ್ನೊಂದು ಕೇಳುವುದಿದೆ. ಗೆಳೆಯನ ಹೆಂಡತಿ ಕಡೂರಿನಲ್ಲಿ ಅದೇ ಮನೆಯಲ್ಲಿದ್ದಾರಂತೆ. ದಸರಾ ರಜೆಗೆ ನೀನು ಬಂದಾಗ ಇಬ್ಬರೂ ಬೆಳಗಿನ ಬಸ್ಸಿಗೆ ಹೋಗಿಬರೋಣ. ಹೇಳಬೇಕಾದದ್ದನ್ನು ನಾನೇ ಹೇಳುತ್ತೇನೆ. ಆದರೆ ಮೊದಲು ನೀನು ಹೋಗಿ ನಾವು ಇಂಥವರು ಎಂದು ಪರಿಚಯ ಹೇಳು, ನನಗೆ ಆ ಮೆಟ್ಟಿಲು ಹತ್ತುವಷ್ಟು ಹೊತ್ತು ಬೇಕಾಗುತ್ತದೆ.

ನಿನ್ನ
ಚಿಕ್ಕಜ್ಜ