ಮಿಯಾಂದಾದ್–ಯೂನಿಸ್ ಚರ್ಚೆ: ಎಲ್ಲರ ಗಮನಕ್ಕೆ

ಗೆಳೆಯರೇ, ಪಾಕಿಸ್ತಾನದ ಜಾವೇದ್ ಮಿಯಾಂದಾದ್, ಯೂನಿಸ್ ಖಾನ್ ಇಬ್ಬರಲ್ಲಿ ಯಾರು ದೊಡ್ಡ ಟೆಸ್ಟ್ ಬ್ಯಾಟರ್ ಎಂಬ ನಿನ್ನೆಯ ಚರ್ಚೆ ಬರೀ ಬ್ಯಾಟಿಂಗ್ ಸರಾಸರಿಯಲ್ಲೇ ನಿಂತುಬಿಟ್ಟಿತು. ಮಿಯಾಂದಾದ್ 52.57, ಯೂನಿಸ್ 52.05. ಇದರಿಂದ ಏನು ತೀರ್ಮಾನ ಆಗುತ್ತದೆ ಹೇಳಿ? ಇಬ್ಬರೂ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದವರು.

ಮಿಯಾಂದಾದ್ ಸರಾಸರಿ ಇಡೀ ಟೆಸ್ಟ್ ಬದುಕಿನಲ್ಲಿ ಒಮ್ಮೆಯೂ 50ಕ್ಕಿಂತ ಕೆಳಗಿಳಿಯಲಿಲ್ಲ. 1986ರಲ್ಲಿ ಶಾರ್ಜಾದ ಏಕದಿನ ಫೈನಲ್‌ನಲ್ಲಿ ಭಾರತದ ಬೌಲರ್ ಚೇತನ್ ಶರ್ಮಾರ ಕೊನೇ ಎಸೆತಕ್ಕೆ ಬಾರಿಸಿದ ಸಿಕ್ಸರ್ ನಮ್ಮವರಿಗೆ ಇವತ್ತಿಗೂ ಚುಚ್ಚುತ್ತದೆ. ಸೋಲು ಒಪ್ಪದ ಛಲವನ್ನು ಪಾಕ್ ತಂಡಕ್ಕೆ ಕಲಿಸಿದ್ದು ಅವರೇ.

ಆದರೂ ನನ್ನ ಮತ ಯೂನಿಸ್‌ಗೆ. 10,000 ಟೆಸ್ಟ್ ರನ್ ದಾಟಿದ ಮೊದಲ ಪಾಕಿಸ್ತಾನಿ. 2009ರಲ್ಲಿ ಲಾಹೋರ್‌ನಲ್ಲಿ ಶ್ರೀಲಂಕಾ ತಂಡದ ಮೇಲೆ ನಡೆದ ಉಗ್ರರ ದಾಳಿಯ ನಂತರ ತವರಿನಲ್ಲಿ ಟೆಸ್ಟ್ ಆಡುವ ಭಾಗ್ಯವೇ ಇರಲಿಲ್ಲ, ಆದರೂ ರನ್ ನಿಲ್ಲಲಿಲ್ಲ. ನಾಲ್ಕನೇ ಇನಿಂಗ್ಸಿನ ಒತ್ತಡ ನೋಡಿ: 2015ರಲ್ಲಿ ಶ್ರೀಲಂಕಾದ ಪಲ್ಲೆಕೆಲೆಯಲ್ಲಿ 377 ಬೆನ್ನಟ್ಟುವಾಗ ಅಜೇಯ 171!

ನಮ್ಮ ಚಿನ್ನಸ್ವಾಮಿಗೂ ಇಬ್ಬರ ನಂಟಿದೆ, ಅಲ್ವಾ? ಮಿಯಾಂದಾದ್ ಕೊನೇ ಏಕದಿನ ಪಂದ್ಯ ಆಡಿದ್ದು ಇಲ್ಲೇ, 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ. 38ಕ್ಕೆ ರನೌಟ್. 2005ರಲ್ಲಿ ಯೂನಿಸ್ ಇಲ್ಲೇ ಭಾರತದ ವಿರುದ್ಧ ಟೆಸ್ಟ್‌ನಲ್ಲಿ 267 ಹೊಡೆದು ಸರಣಿ ಸಮ ಮಾಡಿಸಿದರು.

ಭಾನುವಾರ ಸಂಜೆಯೊಳಗೆ ನಿಮ್ಮ ಆಯ್ಕೆ ತಿಳಿಸಿ. ಸುಮ್ನೆ ಹೆಸರು ಹಾಕಬೇಡಿ, ಒಂದು ಇನಿಂಗ್ಸ್ ಹೆಸರಿಸಿ ಕಾರಣ ಬರೆಯಿರಿ. ದೇಶದ ಜಗಳ ಇಲ್ಲಿ ಬೇಡ.